ಪಿಚ್ಚೈಯಮ್ಮಾಳ್ ಹೇಳಿದಂತೆ

ಹನುಮಂತನಪಟ್ಟಿ
18 ಜೂನ್ 2024

ಇಂದುಜಾ,

ಇಲ್ಲಿ ಎಲ್ಲ ಇದ್ದ ಹಾಗೇ ಇದೆ, ನನ್ನ ಮೊಣಕಾಲು ಒಂದನ್ನು ಬಿಟ್ಟು. ಫೋನಿನಲ್ಲಿ ಮಾತಾಡಿದರೆ ಸಾಲದು, ಕಾಗದ ಬರೆ ಅಜ್ಜಿ, ನನ್ನ ಮಕ್ಕಳಿಗೆ ತೋರಿಸಬೇಕು ಅಂದೆ. ಯಾವ ಮಕ್ಕಳು ಎಂದು ಒಂದು ಗಳಿಗೆ ಎದೆ ನಿಂತುಹೋಯಿತು. ನಿನ್ನ ಕಾಲೇಜಿನ ಮಕ್ಕಳಂತೆ. ಮನುಷ್ಯರು ಕೈಯಲ್ಲಿ ಬರೆದದ್ದು ಹೇಗಿರುತ್ತದೆಂದು ತೋರಿಸುವ ಕಾಲ ಬಂತೇ? ನಾಳೆ ಮನುಷ್ಯರು ಕಾಲಲ್ಲಿ ನಡೆಯುವುದನ್ನು ತೋರಿಸಲು ನನ್ನನ್ನು ದಿಂಡಿಗಲ್ಲಿಗೆ ಕರೆಸುತ್ತೀ.

ತೋರಿಸು. ಅಕ್ಷರ ತಮಿಳು, ಮಾತು ನಮ್ಮ ಮನೆಯ ಕನ್ನಡ ಎಂದು ಮೊದಲೇ ಹೇಳಿಬಿಡು, ಇಲ್ಲದಿದ್ದರೆ ಮುದುಕಿಗೆ ಹುಚ್ಚು ಅಂದಾರು. ಮೂರನೇ ಕ್ಲಾಸಿನಲ್ಲಿ ನನ್ನನ್ನು ಬಿಡಿಸಿದ್ದು ಎಮ್ಮೆ ಮೇಯಿಸಲು. ಅಷ್ಟರಲ್ಲಿ ಕಲಿತದ್ದು ಇಷ್ಟು.

ಮೇ ತಿಂಗಳಲ್ಲಿ ನೀನು ಬಂದು ನಾಲ್ಕು ದಿನ ನನ್ನ ಬಾಯಿಯ ಮುಂದೆ ಫೋನ್ ಹಿಡಿದೆ. ನಮ್ಮ ದೇವಿ ಹಟ್ಟಿಯಮ್ಮ ದನ ಹೊಡೆದುಕೊಂಡು ಬಡಗಲಿಂದ ಬಂದದ್ದು, ಹೊಳೆ ದಾಟಿದ್ದು, ನಮ್ಮ ಕುಲದವರು ಅವಳ ಹಿಂದೆ ಈ ಕಣಿವೆಗೆ ಇಳಿದದ್ದು ಎಲ್ಲ ಹೇಳಿದೆ. ಕೆಮ್ಮಿದ್ದನ್ನೂ ಹಿಡಿದಿಟ್ಟುಕೊಂಡಿದ್ದೀಯಂತೆ. ಜೋಪಾನ ಮಾಡು, ಅದು ನನ್ನ ಸ್ವಂತ ಕೆಮ್ಮು.

ಈಗ ಮುಖ್ಯವಾದ ವಿಷಯ. ಬರುವ ಮಾಸಿಯಲ್ಲಿ, ಶಿವರಾತ್ರಿಯ ತಿಂಗಳಲ್ಲಿ, ಹಟ್ಟಿಯಮ್ಮನ ಗುಡಿಯ ಮುಂದೆ ಮೊದಲ ಮಡಕೆ ನಾನಿಡುವುದಿಲ್ಲ. ಇಪ್ಪತ್ತೆರಡು ವರ್ಷ ಇಟ್ಟೆ. ಮನೆಯ ಒಲೆಯಿಂದ ಕೆಂಡ ಹೊತ್ತುಕೊಂಡು ಹೋಗಿ, ಮೂರು ಕಲ್ಲು ಹೂಡಿ, ಬೆಂಕಿ ಮಾಡಿ, ಮಡಕೆ ಇಟ್ಟು, ಹಾಲು ಉಕ್ಕುವವರೆಗೆ ಕುಕ್ಕರಗಾಲಲ್ಲಿ ಕೂರಬೇಕು. ಆಮೇಲೆ ಕುಲದ ನೂರಿಪ್ಪತ್ತು ಮನೆಯ ಹೆಂಗಸರೂ ಆ ಒಲೆಯಿಂದಲೇ ಬೆಂಕಿ ತೆಗೆದುಕೊಂಡು ತಮ್ಮ ತಮ್ಮ ಮಡಕೆ ಇಡುತ್ತಾರೆ. ನನ್ನ ಮೊಣಕಾಲಿಗೆ ಇನ್ನು ಆಗದು. ಅಮುದಾಗೆ ಕೊಡುತ್ತೇನೆ.

ನನ್ನ ತಮ್ಮನ ಸೊಸೆ ಅಮುದಾ ನಿನಗೆ ಗೊತ್ತಲ್ಲ. ಅವಳ ಗಂಡ ಕಂಬಂ ರಸ್ತೆಯಲ್ಲಿ ಲಾರಿಗೆ ಸಿಕ್ಕು ಎರಡು ವರ್ಷವಾಯಿತು. ಇಪ್ಪತ್ತೊಂಬತ್ತು ವಯಸ್ಸು, ಒಂದು ಹೆಣ್ಣುಮಗು. ಹೋದ ಆವಣಿ ತಿಂಗಳಲ್ಲಿ ಸ್ವಂತ ನಾದಿನಿಯ ಮದುವೆಯಲ್ಲಿ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ನಾನೂ ಪಕ್ಕದಲ್ಲೇ ಕೂತಿದ್ದೆ. ನನಗೆ ಅಭ್ಯಾಸವಾಗಿದೆ, ಅವಳಿಗೆ ಇನ್ನೂ ಇಲ್ಲ.

ಅವಳಿಗೇ ಯಾಕೆ ಎಂದು ಕೇಳಬೇಡ. ಅದು ಹೇಳುವ ಮಾತಲ್ಲ. ಕೊಡುವವಳು ತೆಗೆದುಕೊಳ್ಳುವವಳಿಗೆ ಮಾತ್ರ, ಕೊಡುವ ದಿನ ಹೇಳುತ್ತಾಳೆ.

ನಿನ್ನ ಗಂಡನಿಗೆ ವಿಚಾರಿಸಿದೆನೆಂದು ಹೇಳು.

ನಿನ್ನ ಅಜ್ಜಿ,
ಪಿಚ್ಚೈಯಮ್ಮಾಳ್


ದಿಂಡಿಗಲ್
9 ಜುಲೈ 2024

ಅಜ್ಜಿ,

ನಿನ್ನ ಕಾಗದವನ್ನು ಎರಡನೇ ವರ್ಷದ ಇತಿಹಾಸದ ಕ್ಲಾಸಿನಲ್ಲಿ ಕೈಯಿಂದ ಕೈಗೆ ಕೊಟ್ಟೆ. ಯುವಶ್ರೀ ಎಂಬ ಹುಡುಗಿ ಅದನ್ನು ಮೂಗಿನ ಹತ್ತಿರ ಹಿಡಿದು, ಹೊಗೆಯ ವಾಸನೆ ಬರುತ್ತಿದೆ ಮೇಡಂ ಅಂದಳು. ಒಬ್ಬ ಹುಡುಗ ನೀನು ಹೊಡೆದುಹಾಕಿದ ಸಾಲಿನ ಕೆಳಗೆ ಏನಿತ್ತು ಎಂದು ಬೆಳಕಿಗೆ ಹಿಡಿದು ನೋಡಿದ. ಆ ಒಂದು ಗಂಟೆ ನನಗೆ ಕಲಿಸಿದಂತಾಯಿತು. ಈ ವರ್ಷ ಅಂಥ ಗಂಟೆ ಇನ್ನೊಂದು ಬಂದಿಲ್ಲ.

ಅಜ್ಜಿ, ಇಲ್ಲಿ ಏನಾಗುತ್ತಿದೆ ಎಂದು ನಿನಗೆ ಹೇಗೆ ತಿಳಿಸಲಿ? ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ನಾಲ್ಕು ಪುಟ ಬರೆದು ತನ್ನಿ ಎಂದು ಕೆಲಸ ಕೊಟ್ಟಿದ್ದೆ. ನಲವತ್ತೊಂದು ಬರಹ ಬಂದವು. ನಲವತ್ತೊಂದು ಅಜ್ಜಿಯರಿಗೂ ಸುಕ್ಕುಗಟ್ಟಿದ ಕೈ, ಕಣ್ಣಲ್ಲಿ ಅನುಭವದ ಹೊಳಪು. ಎಲ್ಲರೂ ದೀಪದ ಬೆಳಕಿನಲ್ಲಿ ಕಥೆ ಹೇಳುತ್ತಾರೆ, ಎಲ್ಲರೂ ಕೊನೆಗೆ ಬೇರುಗಳನ್ನು ಮರೆಯಬೇಡ ಮಗು ಅನ್ನುತ್ತಾರೆ. ಒಬ್ಬಳೂ ಬಯ್ಯುವುದಿಲ್ಲ. ನಿನ್ನಂಥವಳು ಒಬ್ಬಳೂ ಇಲ್ಲ.

ಎಲ್ಲ ಫೋನಿನಲ್ಲಿರುವ ಆ ಎ.ಐ. ಬರೆದದ್ದು. ಮೊದಲೆಲ್ಲ ಹುಡುಗರು ತಪ್ಪು ಬರೆಯುತ್ತಿದ್ದರು. ತಪ್ಪಿನಿಂದ ಅವರು ಎಲ್ಲಿ ನಿಂತಿದ್ದಾರೆಂದು ಗೊತ್ತಾಗುತ್ತಿತ್ತು, ಅಲ್ಲಿಂದ ಕೈಹಿಡಿದು ಕರೆತರುತ್ತಿದ್ದೆ. ಈಗ ತಪ್ಪೇ ಇಲ್ಲ, ಹುಡುಗರೂ ಇಲ್ಲ. ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನವರು, ಅವರು ಅದರಲ್ಲಿ ಬರೆಯಲಿ, ನಾವು ಅದರಲ್ಲೇ ತಿದ್ದೋಣ, ಬೇಗ ಮನೆಗೆ ಹೋಗೋಣ ಅಂದರು. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಯಾರೂ ಅದು ತಮಾಷೆ ಎಂದು ಹೇಳಲಿಲ್ಲ.

ತಮಿಳ್‌ಸೆಲ್ವನ್ ಎಂಬ ಹುಡುಗನನ್ನೂ ಮಿಕ್ಕವರನ್ನೂ ಒಬ್ಬೊಬ್ಬರಾಗಿ ಕರೆದು, ಇದು ನಿನ್ನ ಅಜ್ಜಿ ಹೇಳಿದ್ದಾ ಎಂದು ಕೇಳಿದೆ. ಅವನು ಒಬ್ಬನೇ ನಿಜ ಹೇಳಿದ. "ನಂಗೆ ಪಾಟಿ ಇಲ್ಲ ಮೇಡಂ. ಅದನ್ನ ಕೇಳ್ದೆ, ಅದು ಒಬ್ರನ್ನ ಕೊಡ್ತು."

ಅವನಿಗೆ ಸೊನ್ನೆ ಹಾಕಿದೆ. ಉಳಿದವರದ್ದು ರುಜುವಾತು ಮಾಡಲಾಗಲಿಲ್ಲ, ಪಾಸು ಮಾಡಿದೆ.

ಅಮುದಾಗೆ ಮಡಕೆ ಕೊಡುವುದು ಸಂತೋಷ. ಬರುವ ಮಾಸಿಗೆ ಖಂಡಿತ ಬರುತ್ತೇನೆ.

ನಿನ್ನ,
ಇಂದುಜಾ


ಹನುಮಂತನಪಟ್ಟಿ
28 ಜುಲೈ 2024

ಇಂದುಜಾ,

ನಿಜ ಹೇಳಿದವನಿಗೆ ಸೊನ್ನೆ, ಸುಳ್ಳು ಹೇಳಿದ ನಲವತ್ತು ಮಂದಿಗೆ ಪಾಸು. ಇದಕ್ಕೆ ಎಷ್ಟು ವರ್ಷ ಓದಬೇಕು, ನನ್ನ ಕಣ್ಣು? ನಾನು ಎಮ್ಮೆ ಮೇಯಿಸಿದ್ದೇ ಒಳ್ಳೆಯದಾಯಿತು.

ಆ ಹುಡುಗನನ್ನು ಇಲ್ಲಿಗೆ ಕಳಿಸು. ಅಜ್ಜಿ ಇಲ್ಲದಿದ್ದರೆ ನಾನಿದ್ದೇನೆ. ನಾಲ್ಕು ಪುಟ ಏನು, ನಲವತ್ತು ಪುಟ ಬಯ್ಯುತ್ತೇನೆ.

ಅಮುದಾಗೆ ಹೇಳಿದೆ. ದ್ರಾಕ್ಷಿ ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದಳು. ಈ ಮಾಸಿಗೆ ಮೊದಲ ಮಡಕೆ ನಿನ್ನದು ಅಂದೆ. ಕೈ ನಿಲ್ಲಿಸದೆ ಹೌದಾ ಅತ್ತೆ ಅಂದಳು, ಅಷ್ಟೇ. ಬಳ್ಳಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದಳೆಂದರೆ ಆಮೇಲೆ ನಾನು ಹೋಗಿ ಸಡಿಲ ಮಾಡಬೇಕಾಯಿತು. ಎರಡು ದಿನ ಬಿಟ್ಟು ಕುಂಬಾರನ ಹತ್ತಿರ ಹೋಗಿ ಒಂದೊಂದೇ ಮಡಕೆಯನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಿದ್ದಳಂತೆ. ಮಾಸಿಗೆ ಇನ್ನೂ ಏಳು ತಿಂಗಳಿದೆ ತಾಯಿ ಎಂದು ಕುಂಬಾರ ನಕ್ಕನಂತೆ.

ನಿನ್ನೆ ಬಂದು ಅಕ್ಕಿ ಎಷ್ಟು ಹಿಡಿ, ಹಾಲು ಯಾವ ಕಡೆ ಉಕ್ಕಬೇಕು ಎಂದು ಕೇಳಿದಳು. ಅವಳ ಗಂಡ ಹೋದ ಮೇಲೆ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ನಿನ್ನ ಅಜ್ಜಿ,
ಪಿಚ್ಚೈಯಮ್ಮಾಳ್


ದಿಂಡಿಗಲ್
22 ಸೆಪ್ಟೆಂಬರ್ 2024

ಅಜ್ಜಿ,

ಎರಡು ತಿಂಗಳು ಬರೆಯಲಿಲ್ಲ, ಬಯ್ಯಬೇಡ. ಕಾಲೇಜಿಗೆ ದರ್ಜೆ ಕೊಡುವ ತನಿಖೆಯವರು ಬರುತ್ತಾರೆಂದು ಪ್ರಿನ್ಸಿಪಾಲರು ಪ್ರತಿಯೊಂದು ವಿಭಾಗವೂ ಒಂದು ಪುಸ್ತಕ ತರಲೇಬೇಕೆಂದರು. ಇತಿಹಾಸ, ತಮಿಳು, ಸಮಾಜಶಾಸ್ತ್ರದಂಥ ವಿಭಾಗಗಳು ಬೇಕೇ ಎಂದು ಮೇಲಿನವರು ಕೇಳುತ್ತಿದ್ದಾರಂತೆ. ಮಕ್ಕಳ ಸಂಖ್ಯೆ ಇಳಿದಿದೆ. ಹತ್ತು ದಿನ ಕೊಟ್ಟರು.

ನನ್ನ ಹತ್ತಿರ ಇದ್ದದ್ದು ನಿನ್ನ ನಾಲ್ಕು ದಿನದ ಮಾತು. ಅದನ್ನೇ ಪುಸ್ತಕ ಮಾಡಿದ್ದೇನೆ. ಮೂವತ್ತೆರಡು ಪುಟ, ತಮಿಳಿನಲ್ಲಿ. ಹೊದಿಕೆಯ ಮೇಲೆ ನಿನ್ನ ಚಿತ್ರ. ಹೆಸರು: ‘ಹಟ್ಟಿಯಮ್ಮನ ಕಥೆ, ಪಿಚ್ಚೈಯಮ್ಮಾಳ್ ಹೇಳಿದಂತೆ’. ಕಾಲೇಜಿನ ವೆಬ್‌ಸೈಟಿನಲ್ಲೂ ಹಾಕಿದ್ದಾರೆ. ಗುಡಿ ಕಮಿಟಿಯ ಕಾರ್ಯದರ್ಶಿ ಶಿವಬಾಲನ್ ನೋಡಿ ಫೋನ್ ಮಾಡಿದ್ದ. ಕುಲದವರಿಗೆಲ್ಲ ಹಂಚಲು ಐನೂರು ಪ್ರತಿ ಬೇಕಂತೆ. ನಮ್ಮ ಪದ್ಧತಿ ಒಂದು ಕಡೆ ಬರಹದಲ್ಲಿ ಸಿಕ್ಕಿತಲ್ಲ ಅಕ್ಕಾ ಎಂದು ಅವನಿಗೆ ಬಹಳ ಖುಷಿ.

ನಿನ್ನ ಮಾತಿನಲ್ಲಿ ಎಷ್ಟೋ ಕಡೆ ನನಗೇ ತಿಳಿಯಲಿಲ್ಲ ಅಜ್ಜಿ. ಅಪ್ಪ ನಮ್ಮೊಡನೆ ತಮಿಳಿನಲ್ಲೇ ಮಾತಾಡಿದರು, ಅದು ನಿನಗೂ ಗೊತ್ತು. ಕೇಳಿ ತಿಳಿಯೋಣವೆಂದರೆ ದಿನವಿರಲಿಲ್ಲ. ಹಾಗಾಗಿ ಜೋಡಿಸುವ ಕೆಲಸಕ್ಕೆ ಸ್ವಲ್ಪ ಸಹಾಯ ತೆಗೆದುಕೊಂಡೆ. ಆದರೆ ಪ್ರತಿ ಸಾಲೂ ನಾನು ಓದಿದ್ದೇನೆ. ಚೆನ್ನಾಗಿ ಬಂದಿದೆ.

ಪುಸ್ತಕ ಟಪಾಲಿನಲ್ಲಿ ಬರುತ್ತದೆ.

ನಿನ್ನ,
ಇಂದುಜಾ


ಹನುಮಂತನಪಟ್ಟಿ
10 ನವೆಂಬರ್ 2024

ಇಂದುಜಾ,

ಪುಸ್ತಕ ಬಂತು. ಹೊದಿಕೆಯಲ್ಲಿ ನನ್ನ ಮೂಗುತಿ ಹೊಳೆಯುವ ಹಾಗೆ ಮಾಡಿದ್ದೀ. ಅದು ಹೊಳೆಯುವುದು ನಿಂತು ಎಷ್ಟೋ ಕಾಲವಾಯಿತು.

ನನ್ನ ಕಣ್ಣಿಗೆ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಅಮುದಾ ಹತ್ತನೇ ಕ್ಲಾಸು ಓದಿದವಳು, ಅವಳನ್ನು ಕೂರಿಸಿ ಓದಿಸಿದೆ. ಅದು ನನ್ನ ತಪ್ಪು.

ಮೊದಲ ಹತ್ತು ಪುಟ ಸರಿ ಇದೆ. ನಾನು ಅಷ್ಟು ಇಂಪಾಗಿ ಮಾತಾಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಹನ್ನೊಂದನೇ ಪುಟದಲ್ಲಿ ಹಟ್ಟಿಯಮ್ಮ ತನ್ನ ಗಂಡನ ಜೊತೆ ಹೊಳೆ ದಾಟುತ್ತಾಳೆ. ಅವಳಿಗೆ ಮದುವೆ ಮಾಡಿಸಿಬಿಟ್ಟೆಯಲ್ಲೇ. ಗಂಡು ಯಾವ ಊರು? ನಮಗೆ ಒಂದು ಮಾತು ಹೇಳಬಾರದಿತ್ತೇ, ಸೀರೆಯಾದರೂ ಎತ್ತಿಡುತ್ತಿದ್ದೆವು.

ಹತ್ತೊಂಬತ್ತನೇ ಪುಟದಲ್ಲಿ ಮಡಕೆ. ಅಮುದಾ ಓದಿದಳು: ಮೊದಲ ಮಡಕೆಯನ್ನು ಕುಲದ ಸುಮಂಗಲಿಯೊಬ್ಬಳು ಇಡುತ್ತಾಳೆ, ಗಂಡನನ್ನು ಕಳೆದುಕೊಂಡವರು ಚಪ್ಪರದ ಹೊರಗೆ ನಿಂತು ಅಮ್ಮನ ದರ್ಶನ ಪಡೆಯುವುದು ತಲೆಮಾರುಗಳ ವಾಡಿಕೆ, ಎಂದು ಪಿಚ್ಚೈಯಮ್ಮಾಳ್ ಹೇಳುತ್ತಾರೆ.

ಅವಳು ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ ಮುಂದಿನ ಸಾಲು ಓದಿದಳು, ಕೊನೆಯ ಪುಟದವರೆಗೂ ಓದಿದಳು, ಮುಚ್ಚಿ ನನ್ನ ಮಡಿಲಲ್ಲಿಟ್ಟು ಕರು ಕಟ್ಟಬೇಕು ಎಂದು ಎದ್ದುಹೋದಳು.

ಕೇಳು. ಹೇಳಬಾರದ್ದನ್ನು ಹೇಳುತ್ತಿದ್ದೇನೆ, ಇನ್ನು ಮುಚ್ಚಿಟ್ಟು ಏನಾಗಬೇಕು. ಹಟ್ಟಿಯಮ್ಮನಿಗೆ ಗಂಡನಿರಲಿಲ್ಲ. ಬಡಗಲಲ್ಲೇ ಸತ್ತಿದ್ದ. ಅವಳು ಒಬ್ಬಳೇ ದನಗಳನ್ನೂ ನಮ್ಮವರನ್ನೂ ಹೊಡೆದುಕೊಂಡು ಬಂದಳು. ಅದಕ್ಕೇ ಅವಳ ಮುಂದೆ ಮೊದಲ ಬೆಂಕಿ ಹಾಕುವುದು ಗಂಡನಿಲ್ಲದವಳು. ಮದುವೆಯಲ್ಲಿ ಅಡುಗೆಮನೆಯಲ್ಲಿ ಕೂರುವವಳ ಒಲೆಯಿಂದ, ವರ್ಷಕ್ಕೊಂದು ದಿನ, ತಾಳಿ ಕಟ್ಟಿಕೊಂಡವರೆಲ್ಲ ಸಾಲು ನಿಂತು ಬೆಂಕಿ ಬೇಡಬೇಕು. ನಾನು ಇಪ್ಪತ್ತೆರಡು ವರ್ಷ ಇಟ್ಟದ್ದು ಹಿರಿಯಳೆಂದಲ್ಲ. ನನಗಿಂತ ಮುಂಚೆ ಇಟ್ಟ ನಾಗಮ್ಮಾಳೂ ಅಂಥವಳೇ.

ಅಮ್ಮನಿಗೆ ಗಂಡನಿಲ್ಲವೆಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಅವಳಿಗೆ ನೋವಾಗುತ್ತದೆ. ಮಾಡಿ ತೋರಿಸುತ್ತೇವೆ, ಅಷ್ಟೇ. ಮಡಕೆ ಕೊಡುವ ದಿನ ಕಿವಿಯಲ್ಲಿ ಹೇಳುವ ಮಾತು ಬೇರೆ ಇದೆ, ಅದನ್ನು ಈಗಲೂ ಹೇಳುವುದಿಲ್ಲ. ನಿನಗೂ ಆ ನಾಲ್ಕು ದಿನದಲ್ಲಿ ನಾನು ಹೇಳಲಿಲ್ಲ. ಅಲ್ಲಿ ಸುಮ್ಮನಿದ್ದೆ. ಆ ಸುಮ್ಮನಿದ್ದ ಜಾಗದಲ್ಲಿ ಇಷ್ಟನ್ನು ಯಾರು ತುಂಬಿದರು?

ಪಿಚ್ಚೈಯಮ್ಮಾಳ್


ದಿಂಡಿಗಲ್
17 ನವೆಂಬರ್ 2024

ಅಜ್ಜಿ,

ನಾನೇ. ನಾನು ಎಂದರೆ, ಹುಡುಗರು ಬಳಸಿದ ಅದೇ ಎ.ಐ. ನಿನ್ನ ದನಿಯನ್ನೂ ನನ್ನ ಅರ್ಧಂಬರ್ಧ ಟಿಪ್ಪಣಿಯನ್ನೂ ಅದಕ್ಕೆ ಕೊಟ್ಟು, ಅಜ್ಜಿಯೊಬ್ಬಳು ಹೇಳುವ ಹಾಗೆ ಬರೆದುಕೊಡು ಅಂದೆ. ಎಲ್ಲಿ ಬಿಟ್ಟುಹೋಗಿತ್ತೋ ಅಲ್ಲಿ ಅದು ಊರೂರಲ್ಲಿ ಹೇಗೆ ನಡೆಯುತ್ತದೋ ಹಾಗೆ ತುಂಬಿತು. ಎಲ್ಲ ಕಡೆ ಸುಮಂಗಲಿಯರೇ ಇಡುತ್ತಾರೆ, ಇಲ್ಲೂ ಹಾಗೇ ಎಂದು ನಾನೂ ಓದಿಕೊಂಡೆ. ಚಿಕ್ಕವಳಿದ್ದಾಗಿನಿಂದ ನೀನು ಮಡಕೆ ಇಡುವುದನ್ನು ನೋಡಿದವಳು ನಾನು. ನಿನ್ನ ಬೋಳು ಹಣೆಯನ್ನು ಪ್ರತಿದಿನ ನೋಡಿದವಳು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ.

ಕಮಿಟಿಗೆ ಕಾಗದ ಬರೆದಿದ್ದೇನೆ. ಇದಕ್ಕಾಗಿ ಅವರು ಸೇರುವ ಸಭೆಗೆ ನಾನೇ ಬರುತ್ತೇನೆ.

ಅಮುದಾಗೆ ಏನು ಹೇಳಲಿ ಎಂದು ತಿಳಿಯುತ್ತಿಲ್ಲ.

ಇಂದುಜಾ


ಹನುಮಂತನಪಟ್ಟಿ
5 ಜನವರಿ 2025

ಇಂದುಜಾ,

ಸಭೆಗೆ ಬರಲು ಪರೀಕ್ಷೆಯ ಡ್ಯೂಟಿ ಬಿಡಲಿಲ್ಲವೆಂದು ಬರೆದಿದ್ದೀ. ಇರಲಿ.

ಸಭೆಗೆ ಮುಂಚೆ ಬಸ್ಸು ಹತ್ತಿ ಕೊಂಬೈಗೆ ಹೋಗಿದ್ದೆ, ನಾಗಮ್ಮಾಳನ್ನು ಕರೆತರಲು. ನನಗೆ ಮಡಕೆ ಕೊಟ್ಟವಳು ಅವಳು, ಸಾಕ್ಷಿ ಹೇಳಲು ಇನ್ಯಾರಿದ್ದಾರೆ. ಸೊಸೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ನನ್ನ ಕೈ ಹಿಡಿದು ಬಹಳ ಹೊತ್ತು ನೋಡಿ, ಅಕ್ಕಾ ಊಟ ಆಯ್ತಾ ಎಂದು ಕೇಳಿದಳು. ನಾನು ಅವಳಿಗೆ ಅಕ್ಕ ಅಲ್ಲ. ಹಟ್ಟಿಯಮ್ಮನ ಹೆಸರು ಹೇಳಿದೆ, ಕೈ ಮುಗಿದಳು. ಮಡಕೆ ಅಂದೆ, ಮತ್ತೆ ಊಟ ಆಯ್ತಾ ಅಂದಳು. ಆಯ್ತು ಎಂದು ಬಂದೆ.

ಸಭೆಯಲ್ಲಿ ಅರವತ್ತು ಜನ ಗಂಡಸರಿದ್ದರು. ಶಿವಬಾಲನ್ ಕೆಟ್ಟವನಲ್ಲ. ಉತ್ತಮಪಾಳ್ಯದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟುಕೊಂಡು ನಾಲ್ಕು ಜನರಿಗೆ ಬೇಕಾದವನಾಗಿದ್ದಾನೆ. ಎಲ್ಲ ಕ್ರಮವಾಗಿ ನಡೆಯಬೇಕೆಂಬ ಹಂಬಲ ಅವನಿಗೆ. ನನಗೆ ಕುರ್ಚಿ ಹಾಕಿಸಿದ. ನಾನು ಎದ್ದು ನಿಂತು ಹೇಳಿದೆ. ನಾವು ಎಂದೂ ಬಾಯಲ್ಲಿ ಆಡದ ಮಾತನ್ನು ಅಷ್ಟು ಗಂಡಸರ ಮುಂದೆ ಆಡಿದೆ. ಅಮ್ಮನಿಗೆ ಗಂಡನಿಲ್ಲ ಅಂದಾಗ ಹಿಂದೆ ಒಬ್ಬ ನಕ್ಕ.

ಶಿವಬಾಲನ್ ಪುಸ್ತಕ ತೆರೆದು ಮೆಲ್ಲಗೆ, ಅಜ್ಜಿಯೆಂದು ಕರೆದು, ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಅಪ್ಪತ್ತಾ, ಇದು ನೀ ಹೇಳಿದ್ದೇ ತಾನೆ? ನಿನ್ ಪಟ ಐತೆ, ನಿನ್ ಪೇರ್ ಐತೆ. ನಾಕ್ ದಿನ ಹೇಳ್ದಾಗ ಇಲ್ದಿದ್ದು ಇವತ್ತು ಎಲ್ಲಿಂದ ಬತ್ತು?"

ನಾನು ಸುಮ್ಮನಿದ್ದೆ ಅಂದೆ. ಸುಮ್ಮನಿದ್ದದ್ದಕ್ಕೆ ಸಾಕ್ಷಿ ಹೇಗೆ ತರಲಿ? ಇಪ್ಪತ್ತೆರಡು ವರ್ಷ ನಾನೇ ಇಟ್ಟೆನಲ್ಲ ಅಂದರೆ, ಅದು ನೀನು ಹಿರಿಯಳೆಂದು ಬಿಟ್ಟದ್ದು ಅಂದರು.

ಅವನು ಎಲ್ಲರೂ ನೋಡಲೆಂದು ಫೋನು ತೆಗೆದು, ಹಟ್ಟಿಯಮ್ಮನಿಗೆ ಮೊದಲ ಮಡಕೆ ಯಾರಿಡಬೇಕು ಎಂದು ಅದನ್ನೇ ಕೇಳಿದ. ಒಬ್ಬ ಹೆಣ್ಣಿನ ದನಿ, ಬಹಳ ಮರ್ಯಾದೆಯ ತಮಿಳಿನಲ್ಲಿ, ಸುಮಂಗಲಿ ಇಡಬೇಕು ಎಂದು ಹನುಮಂತನಪಟ್ಟಿಯ ಪಿಚ್ಚೈಯಮ್ಮಾಳ್ ಹೇಳುತ್ತಾರೆ ಅಂದಳು. ಅದಕ್ಕೆ ನಿನ್ನ ಕಾಲೇಜಿನ ಹೆಸರನ್ನೂ ಸೇರಿಸಿ ಹೇಳಿದಳು. ಪಿಚ್ಚೈಯಮ್ಮಾಳ್ ಇಲ್ಲೇ ನಿಂತಿದ್ದಾಳೆ ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಆಮೇಲೆ ನಿನ್ನ ಕಾಗದ ಓದಿದರು. ಅದರಲ್ಲಿ ‘ಕೆಲವು ದೋಷಗಳು ನುಸುಳಿವೆ’ ಎಂದಿತ್ತು. ನುಸುಳಲು ಅವೇನು ಹೆಗ್ಗಣವೇ, ಕಣ್ಣು? ಬಾಗಿಲು ಯಾರು ತೆಗೆದರೆಂದು ನೀನು ಬರೆಯಲಿಲ್ಲ. ಕೆಲಸಕ್ಕೆ ಕುತ್ತು ಬರುತ್ತದೆಂದು ಇರಬೇಕು. ಕಮಿಟಿಯ ಒಬ್ಬ, ಅಮುದಾ ಅಪ್ಪತ್ತಾಳ ತಮ್ಮನ ಸೊಸೆ ಅಲ್ಲವೇ, ಅದಕ್ಕೇ ಮೊಮ್ಮಗಳ ಕೈಯಲ್ಲಿ ಈ ಕಾಗದ ಬರೆಸಿದ್ದಾಳೆ ಅಂದ. ಅದಕ್ಕೆ ಎಲ್ಲರೂ ತಲೆಯಾಡಿಸಿದರು. ಅವರಿಗೆ ಅದು ಒಂದೇ ಅರ್ಥವಾಗುವ ಕಾರಣ.

ಮಡಕೆ ಶಿವಬಾಲನ ಹೆಂಡತಿ ತಮಿಳರಸಿಗೆ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಹಟ್ಟಿಯಮ್ಮನ ಪಕ್ಕದಲ್ಲಿ ನಿಲ್ಲಿಸಲು ಗಂಡನ ವಿಗ್ರಹಕ್ಕೂ ಹೇಳಿಯಾಗಿದೆಯಂತೆ. ಮೀಸೆ ಇರಬೇಕೇ ಬೇಡವೇ ಎಂದು ನನ್ನನ್ನೇ ಕೇಳಿದರು.

ಅಜ್ಜಿ,
ಪಿಚ್ಚೈಯಮ್ಮಾಳ್


ದಿಂಡಿಗಲ್
9 ಫೆಬ್ರವರಿ 2025

ಅಜ್ಜಿ,

ನೀನು ಬರೆದದ್ದು ಸರಿ. ಬಾಗಿಲು ತೆಗೆದವಳ ಹೆಸರು ಬರೆಯಲು ನನಗೆ ಧೈರ್ಯ ಬರಲಿಲ್ಲ.

ಈಗ ಹೇಳಿದ್ದೇನೆ. ಮೊದಲು ಪ್ರಿನ್ಸಿಪಾಲರಿಗೆ. ಅವರು ಬಯ್ಯಲೂ ಇಲ್ಲ. ತನಿಖೆಯವರು ಪುಸ್ತಕವನ್ನು ಬಹಳ ಮೆಚ್ಚಿಕೊಂಡಿದ್ದಾರೆ, ಈಗ ಯಾಕೆ ಕೆದಕುತ್ತೀರಿ ಅಂದರು. ವೆಬ್‌ಸೈಟಿನಿಂದ ನಾನೇ ಹಟ ಮಾಡಿ ತೆಗೆಸಿದೆ. ಆದರೂ ಫೋನನ್ನು ಕೇಳಿದರೆ ಅದು ಇನ್ನೂ ನಿನ್ನ ಹೆಸರು ಹೇಳಿ ಅದೇ ಉತ್ತರ ಕೊಡುತ್ತದೆ. ಯಾರಿಗೆ ಹೇಳಿ ನಿಲ್ಲಿಸಬೇಕೆಂದು ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ.

ಆಮೇಲೆ ಕ್ಲಾಸಿನಲ್ಲಿ ಹೇಳಿದೆ. ನಿನ್ನ ವಿಷಯ, ಅಮುದಾ ವಿಷಯ, ನನ್ನ ವಿಷಯ ಎಲ್ಲ. ಮುಕ್ಕಾಲು ಗಂಟೆ ಯಾರೂ ಫೋನ್ ಮುಟ್ಟಲಿಲ್ಲ. ಯುವಶ್ರೀ ಅತ್ತಳು. ನನಗೆ ಏನೋ ಸರಿಹೋಯಿತು ಅನ್ನಿಸಿತು. ಇದರ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಒಂದು ಪುಟ ಬರೆದು ತನ್ನಿ, ಮಾರ್ಕು ಇಲ್ಲ, ಮನಸ್ಸಿಗೆ ಬಂದದ್ದು ಸಾಕು ಅಂದೆ.

ಮೂವತ್ತೆಂಟು ಪುಟ ಬಂದವು. ಎಲ್ಲದರಲ್ಲೂ ನನ್ನ ಶಿಕ್ಷಕಿಯ ಪ್ರಾಮಾಣಿಕತೆ ನನ್ನನ್ನು ಆಳವಾಗಿ ತಟ್ಟಿತು ಎಂದಿದೆ. ಯುವಶ್ರೀಯದರಲ್ಲೂ.

ಅವಳನ್ನು ಕರೆದು, ನೀನು ನಿಜವಾಗಿ ಅತ್ತೆಯಲ್ಲಮ್ಮಾ ಅಂದೆ. ಹೌದು ಮೇಡಂ, ಆದರೆ ಅದನ್ನು ಹೇಗೆ ಬರೆಯುವುದೆಂದು ನನಗೆ ಗೊತ್ತಾಗಲಿಲ್ಲ ಅಂದಳು. ಕಲಿಸಬೇಕಾದವಳು ನಾನು. ಎಲ್ಲಿಂದ ಶುರು ಮಾಡಲಿ ಅಜ್ಜಿ?

ತಮಿಳ್‌ಸೆಲ್ವನ ಅಂಕ ತಿದ್ದಲು ಹೋದೆ. ಅವನು ದೀಪಾವಳಿಯ ನಂತರ ಕಾಲೇಜಿಗೆ ಬಂದಿಲ್ಲವಂತೆ.

ಇಪ್ಪತ್ತೊಂದನೇ ತಾರೀಕು ಶುಕ್ರವಾರ ಬರುತ್ತೇನೆ. ಮಡಕೆ ಇಡುವ ಮುಂಚೆ, ಎಲ್ಲರ ಎದುರು, ಬಾಯಿಬಿಟ್ಟು ಹೇಳುತ್ತೇನೆ.

ನಿನ್ನ,
ಇಂದುಜಾ


ಹನುಮಂತನಪಟ್ಟಿ
2 ಮಾರ್ಚ್ 2025

ಇಂದುಜಾ,

ನೀನು ಬಂದೆ. ಕೊಟ್ಟ ಮಾತು ಉಳಿಸಿಕೊಂಡೆ. ಅದನ್ನು ಇಲ್ಲವೆನ್ನುವುದಿಲ್ಲ.

ಮೈಕು ಹಿಡಿದು ಒಂದನ್ನೂ ಮುಚ್ಚಿಡದೆ ಹೇಳಿದೆ. ಯಂತ್ರ ಬರೆಯಿತು, ನಾನು ನೋಡಲಿಲ್ಲ, ನನ್ನ ಅಜ್ಜಿ ಹೇಳುವುದೇ ನಿಜ ಅಂದೆ. ನೀನು ಮುಗಿಸಿದಾಗ ಶಿವಬಾಲನ್ ಮೈಕು ತೆಗೆದುಕೊಂಡು, ಇಷ್ಟು ಓದಿದ್ದರೂ ನಮ್ಮ ಟೀಚರಕ್ಕನಿಗೆ ಎಂಥ ವಿನಯ ನೋಡಿ ಅಂದ. ಇಂದಿನ ಕಾಲದ ಯಂತ್ರವೂ ನಮ್ಮ ಅಮ್ಮನ ಮಹಿಮೆ ಬರೆಯಿತಲ್ಲ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನಗೊಂದು ಶಾಲು, ನನಗೊಂದು ಶಾಲು. ನೀನು ಅದನ್ನು ಹೊದ್ದು ಕಲ್ಲಿನ ಹಾಗೆ ನಿಂತಿದ್ದೆ. ನಿನ್ನ ಪಕ್ಕದಲ್ಲೇ ಹಟ್ಟಿಯಮ್ಮ, ಅವಳ ಪಕ್ಕದಲ್ಲಿ ಹೊಸ ಗಂಡ. ಮೀಸೆ ಇಟ್ಟಿದ್ದಾರೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹಿಂದಿನ ದಿನ ತಮಿಳರಸಿ ನನ್ನ ಹತ್ತಿರ ಬಂದಿದ್ದಳು. ಒಳ್ಳೆಯ ಹೆಣ್ಣು. ಹೊಸಿಲಾಚೆ ನಿಂತು ಕೇಳಿದಳು. "ನಾ ಇಡ್ಲಾ ಅತ್ತೆ? ನೀವು ಬ್ಯಾಡ ಅಂದ್ರೆ ಇಡಾಕಿಲ್ಲ, ಅವ್ರು ಏನಂದ್ರೂ ಸರಿ."

ಅವಳು ನಿಜವಾಗಿ ಇಡುತ್ತಿರಲಿಲ್ಲ. ನಾನು ಬೇಡ ಅನ್ನಬಹುದಿತ್ತು. ಹಾಗೆ ಅಂದುಬಿಟ್ಟರೆ ಆ ದಿನ ಯಾರೂ ಬೆಂಕಿ ಹಾಕುವುದಿಲ್ಲ, ಅಮ್ಮ ಉಪವಾಸ ನಿಲ್ಲುತ್ತಾಳೆ, ಗಂಡಸರು ಗಂಡಸರಲ್ಲೇ ಜಗಳವಾಗಿ ಗುಡಿಗೆ ಬೀಗ ಬೀಳುತ್ತದೆ. ಇಡು ಅಂದೆ. ಇದನ್ನು ಯಂತ್ರ ಹೇಳಲಿಲ್ಲ, ನೀನೂ ಬರೆಯಲಿಲ್ಲ. ನಾನೇ, ನನ್ನ ಬಾಯಿಂದ ಹೇಳಿದ್ದು.

ಅವಳು ಬೆಂಕಿಕಡ್ಡಿ ಗೀರಿ ಒಲೆ ಹೊತ್ತಿಸಿದ್ದನ್ನು ನೀನೂ ನೋಡಿದೆ. ಹಾಲು ಚೆನ್ನಾಗಿಯೇ ಉಕ್ಕಿತು. ಉಕ್ಕದಿದ್ದರೆ ಎಂದು ನಾನು ಒಳಗೊಳಗೇ ಕಾದಿದ್ದೆ.

ನೀನು ಮೂರು ಗಂಟೆಯ ತೇನಿ ಬಸ್ಸು ಹತ್ತಿದ ಮೇಲೆ ಅಮುದಾಳ ಮನೆಗೆ ಹೋದೆ. ಅವಳು ಗುಡಿಯ ಕಡೆ ಬಂದಿರಲೇ ಇಲ್ಲ. ಮಗುವಿನ ಬಟ್ಟೆಯನ್ನು ಒಂದು ಚೀಲಕ್ಕೆ, ತನ್ನದನ್ನು ಇನ್ನೊಂದು ಚೀಲಕ್ಕೆ ತುಂಬುತ್ತಿದ್ದಳು. ವೇಡಸಂದೂರಿನ ಕಡೆ ನೂಲಿನ ಮಿಲ್ಲಿನಲ್ಲಿ ಕೆಲಸ, ಅಲ್ಲೇ ಹಾಸ್ಟೆಲು. ಮಗು ತೇವಾರಂನಲ್ಲಿ ಅವಳ ಅಮ್ಮನ ಹತ್ತಿರ ಇರುತ್ತದೆಯಂತೆ. ನಾನು ಬಾಗಿಲು ಹಾಕಿ, ಮಡಕೆ ಹೋದರೆ ಹೋಗಲಿ, ಕೊಡುವವಳು ಹೇಳುವ ಮಾತನ್ನು ನಿನಗೆ ಹೇಳಿಬಿಡುತ್ತೇನೆ, ಅದು ನಿನ್ನದೇ, ಕೂತುಕೋ ಅಂದೆ.

ಅವಳು ಮಡಚುತ್ತಿದ್ದ ಲಂಗವನ್ನು ಕೆಳಗಿಡಲಿಲ್ಲ. ಗಟ್ಟಿಯಾಗಿಯೂ ಹೇಳಲಿಲ್ಲ.

"ಬ್ಯಾಡ ಅತ್ತೆ. ಮಡಕೆ ಇಲ್ದೆ ಮಾತ್ ಇಕ್ಕಂಡು ನಾ ಏನ್ ಮಾಡ್ಲಿ? ಹೊರಗೆ ನಿಲ್ಲಾದು ನಂಗೆ ಪಳಗಿತ್ತು. ಒಳಗೆ ಬಾ ಅಂತ ನೀವು ಯಾಕಂದ್ರಿ?"

ನನಗೆ ಎಂಬತ್ತೊಂದು ವರ್ಷ. ಈ ಬಾಯಿಗೆ ಹೆದರಿ ಊರಲ್ಲಿ ಜನ ಬೀದಿ ಬದಲಿಸುತ್ತಾರೆ. ಆ ಹೆಣ್ಣಿನ ಎದುರು ಕೂತು ಚೀಲದ ಬಾಯಿ ಹಿಡಿದುಕೊಂಡೆ, ಅವಳು ಬಟ್ಟೆ ಹಾಕಿದಳು.

ಆ ಮಾತು ನನ್ನಲ್ಲೇ ಉಳಿಯಿತು. ನಿನಗೆ ಹೇಳುವುದಿಲ್ಲ. ನಿನಗೆ ಗಂಡನಿದ್ದಾನೆ, ಇರಲಿ. ಈ ಕುಲದಲ್ಲಿ ಇನ್ನು ಯಾರಿಗೂ ಗಂಡ ಸಾಯದಿರಲಿ ಎಂದು ಬೇಡಿಕೊಳ್ಳುತ್ತೇನೆ. ಸತ್ತರೆ ಅವಳಿಗೆ ನಿಲ್ಲಲು ವರ್ಷಕ್ಕೊಂದು ದಿನವೂ ಇಲ್ಲ.

ಇನ್ನು ನನಗೆ ಕಾಗದ ಬರೆಯಬೇಡ ಎಂದು ಹೇಳುವಷ್ಟು ಕೋಪ ನನ್ನಲ್ಲಿಲ್ಲ. ಆದರೆ ಅವಳು ಕೇಳಿದ್ದಕ್ಕೆ ನಿನಗೇನಾದರೂ ಉತ್ತರ ಹೊಳೆದರೆ ಅದನ್ನು ನನಗೆ ಬರೆಯಬೇಡ, ಯಾರಿಗೂ ಬರೆಯಬೇಡ. ಹೋಗಿ ಅವಳಿಗೇ ಹೇಳು. ಆ ಮಿಲ್ಲಿಗೆ ನಿನ್ನ ದಿಂಡಿಗಲ್ಲಿನಿಂದ ಅರ್ಧ ಗಂಟೆಯ ಬಸ್ಸಂತೆ. ಭಾನುವಾರ ಒಂದು ಗಂಟೆ ಹೊತ್ತು ಹೊರಗೆ ಬಿಡುತ್ತಾರೆ, ಗೇಟಿನ ಹತ್ತಿರ ನಿಂತು ಕಾಯಬೇಕು. ನಿನ್ನನ್ನು ಕಂಡರೆ ಅವಳು ಹೊರಗೆ ಬರುತ್ತಾಳೆಂದು ನನಗೆ ನಂಬಿಕೆ ಇಲ್ಲ.

ಪಿಚ್ಚೈಯಮ್ಮಾಳ್